ಹಳದಿ ಕಂಡ ದೀಪ

ಅಪ್ಪಾ,

ನಮ್ಮ ಲ್ಯಾಬಿನಲ್ಲಿ ಮಾಡಿದ ಎಲ್ಇಡಿ ದೀಪವನ್ನು ನಿನ್ನೆ ಮಸ್ಕಿಯ ಮನೆಯ ಪಡಸಾಲೆಗೆ ಹಾಕಿದೆ. ಅದರ ನೀಲಿ ಬೆಳಕನ್ನು ನಾವೇ ತಯಾರಿಸಿದ ಸಾವಯವ ಬಣ್ಣದ ಲೇಪ ಬಿಳಿಯಾಗಿಸುತ್ತದೆ. ಬಣ್ಣಗಳೆಲ್ಲ ಬಿಸಿಲಿನಲ್ಲಿ ಕಂಡಂತೆಯೇ ಕಾಣುತ್ತವೆ.

ರಾತ್ರಿ ಅದರ ಕೆಳಗೆ ತಮ್ಮ ವೀರೇಂದ್ರ ಊಟಕ್ಕೆ ಕೂತಾಗ ಅವ್ವ ಅವನ ಗದ್ದ ಹಿಡಿದು ನೋಡಿದಳು. "ಲೇ, ನಿನ್ನ ಕಣ್ಣು ಹಳದಿ ಆಗ್ಯಾವಲ್ಲ."

ಇವತ್ತು ಸಿಂಧನೂರಿನ ಡಾಕ್ಟರು ಕಾಮಾಲೆ ಎಂದರು. ಬೇಗ ಕರೆತಂದದ್ದರಿಂದ ವಾಸಿಯಾಗುತ್ತದಂತೆ. ಹೋದ ವರ್ಷ ನಿನ್ನನ್ನು ಒಯ್ದ ಕಾಮಾಲೆ ಆ ಹಳೆಯ ಟ್ಯೂಬ್‌ಲೈಟಿನ ಕೆಳಗೆ ನಮಗ್ಯಾರಿಗೂ ಕಂಡಿರಲಿಲ್ಲ.

ಬಸ್ಸಿನಲ್ಲಿ ಮರಳುವಾಗ ಅವ್ವ ಕೇಳಿದಳು: "ವಿಜಿ, ನಿಮ್ಮಪ್ಪ ಇದ್ದಾಗ ಈ ದೀಪ ಆಗಿದ್ದಿಲ್ಲೇನು?"

ಆಗಿತ್ತು ಅಪ್ಪಾ, ನಾನೇ ಮನೆಗೆ ತಂದಿರಲಿಲ್ಲ. ಆದರೂ "ಇನ್ನೂ ಟೆಸ್ಟಿಂಗ್ ನಡೆದಿತ್ತು ಬೇ" ಎಂದೆ.

ಅವ್ವ ತೂಕಡಿಸುತ್ತಿದ್ದ ವೀರೇಂದ್ರನ ತಲೆಯನ್ನು ತನ್ನ ಭುಜಕ್ಕೆ ಒರಗಿಸಿಕೊಂಡಳು.