ಕೆಂಡವಿಲ್ಲದ ಬೆಂಕಿ

ನವೆಂಬರ್ ೧೪, ಶುಕ್ರವಾರ

ಹಿತ್ತಲಿನ ಅಗ್ಗಿಷ್ಟಿಕೆ ಗ್ಯಾಸಿನದೋ ಸೌದೆಯದೋ ಎಂಬ ಜಗಳ ಮುಗಿಯಿತು ಅಂದುಕೊಂಡಿದ್ದೆ. ಹೊಗೆ ಅಪ್ಪನ ಎದೆಗೆ ವಿಷ ಎಂದು ಡಾಕ್ಟರು ಹೇಳಿದ ಮೇಲೆ, ನಾನೇ ಹಟ ಹಿಡಿದು ಗ್ಯಾಸಿನದನ್ನು ಹಾಕಿಸಿದ್ದೆ.

ಸಂಜೆ ಹಚ್ಚಿದೆವು. ಜೀವಮಾನವಿಡೀ ಬೇಕರಿಯ ಭಟ್ಟಿಗೆ ಸೌದೆ ಒಡ್ಡಿದವರು ಅಪ್ಪ. ಕುರ್ಚಿ ಎಳೆದುಕೊಂಡು ಬೆಂಕಿಯ ಮುಂದೆ ಕೂತರು. ಆಮೇಲೆ ಕೈ ತಾನಾಗಿಯೇ ಒಂದು ಕೋಲು ಹುಡುಕಿತು. ಕೊಳ್ಳಿ ಮುಂದೆ ದೂಡಲು ಹೋಗಿ, ಸೌದೆಯಂತೆ ಕಾಣುವ ಪಿಂಗಾಣಿ ತುಂಡನ್ನು ತಿವಿದು ಎರಡು ಹೋಳು ಮಾಡಿದರು.

ನನಗೆ ರೇಗಿತು. "ಅದು ಸೌದೆ ಅಲ್ಲಪ್ಪ, ಮುಟ್ಬೇಡಿ ಅಂತ ಎಷ್ಟು ಸಲ ಹೇಳ್ಲಿ?"

ಅವರು ಕೋಲನ್ನು ತೊಡೆಯ ಮೇಲಿಟ್ಟುಕೊಂಡರು. "ಇದಕ್ಕೆ ನಾನು ಬೇಕಾಗೇ ಇಲ್ವಲ್ಲಮ್ಮ."

ನಾನು ಗ್ಯಾಸು ಆರಿಸಿದೆ. ಬೆಂಕಿ ಒಂದೇ ಸಲಕ್ಕೆ ಹೋಯಿತು. ಒಳಗೆ ಬನ್ನಿ ಅಂದೆ.

"ನೀನು ನಡಿ. ಕೆಂಡ ಆರ್ಲಿ, ಬರ್ತೀನಿ."

ಭಟ್ಟಿ ತಣ್ಣಗಾಗದೆ ಎಂದೂ ಮನೆಗೆ ಬಂದವರಲ್ಲ. ಇಲ್ಲಿ ಕೆಂಡವೇ ಇಲ್ಲ ಅಂತ ನಾನು ಹೇಳಲಿಲ್ಲ. ಆಮೇಲೆ ಮತ್ತೆ ಹೋಗಿ ಕರೆದೆ, ಶಾಲು ಹೊದಿಸಿ ಬಂದೆ. ಇದನ್ನು ಬರೆಯುತ್ತಿರುವಾಗಲೂ ಕಿಟಕಿಯಾಚೆ ಚಳಿಯಲ್ಲಿ ಕೂತು ಕೆಮ್ಮುತ್ತಿದ್ದಾರೆ.

ಹೊಗೆಯಂತೂ ಇಲ್ಲ.