ನನ್ನ ಹೆಂಡತಿಯ ಸೈಕಲ್ಲನ್ನು ಗೋಡೆಯಿಂದ ಇಳಿಸಿಕೊಡಿ

ಮಾನ್ಯ ಹೊಳೆದಂಡೆ ಸೈಕಲ್ ದಾರಿಯ ಮುಖ್ಯಾಧಿಕಾರಿಗಳೇ,

ಹೊಗೆ! ಮನೆ ತುಂಬಾ ಹೊಗೆ! ನೀವು ಹೆದರಿದ್ದೇ ಆಗೋಯ್ತು ನೋಡಿ. ಮನೇಲಿ ಮೋಟಾರು ಜೋಡಿಸಿದ ಸೈಕಲ್ಲು, ಚಾರ್ಜಿಗೆ ಹಾಕಿದ ಬ್ಯಾಟರಿ, ಅದರ ಪಕ್ಕದಲ್ಲೇ ಬುಸ್ಸಂತ ಏಳ್ತಿರೋ ಬಿಳೀ ಹೊಗೆ! ಕೆಮ್ಮುತ್ತಾ ಬರೀತಿದ್ದೀನಿ.

ಇಷ್ಟು ಓದಿ ಕುರ್ಚಿಯಿಂದ ಅರ್ಧ ಎದ್ದಿದ್ರೆ ದಯವಿಟ್ಟು ಕೂತ್ಕೊಳ್ಳಿ. ಹೊಗೆ ಅಲ್ಲ, ಹಬೆ. ನನ್ನ ಹೆಂಡತಿ ಚಹಾಕ್ಕೆ ನೀರಿಟ್ಟಿದ್ದಾಳೆ. ಕೆಮ್ಮು ನಂದೇ, ಹಳೇದು. ಬ್ಯಾಟರಿ ಚಾರ್ಜಿಗೂ ಇಲ್ಲ, ಕಪಾಟಿನಲ್ಲಿ ತಣ್ಣಗೆ ಮಲಗಿದೆ. ಮರ್ಯಾದೆಯಾಗಿ ಬರೆದ ಕಾಗದಗಳಿಗೆ ನಿಮ್ಮ ಕಚೇರಿಯಿಂದ ಒಂದು ಹೂಂ ಇಲ್ಲ, ಊಹೂಂ ಇಲ್ಲ. ಬೆಂಕಿ ಅಂತ ಕೂಗದೆ ಸರ್ಕಾರಿ ಮೇಜಿನ ಮೇಲೆ ಯಾವ ಕಾಗದವೂ ಬೆಚ್ಚಗಾಗಲ್ಲ ಅನ್ನೋದು ನನಗೆ ಗೊತ್ತಿರಬೇಕಿತ್ತು. ಅದಕ್ಕೇ ಈಗ ಊರಿಗೆಲ್ಲ ಕೇಳೋ ಹಾಗೆ ಪೇಪರಿನಲ್ಲೇ ಬರೀತಿದ್ದೀನಿ.

ವಿಷಯ ಇಷ್ಟೇ. ಕಂಪನಿಯಿಂದ ಕೊಂಡು ತಂದ ಎಲೆಕ್ಟ್ರಿಕ್ ಸೈಕಲ್ಲಿಗೆ ಹೊಳೆದಂಡೆ ದಾರಿಯಲ್ಲಿ ಸ್ವಾಗತ. ಇದ್ದ ಸೈಕಲ್ಲಿಗೇ ಮೋಟಾರು ಹಾಕಿಸಿಕೊಂಡರೆ ಅದು ‘ಪರಿವರ್ತಿತ ವಾಹನ’, ‘ಸಾರ್ವಜನಿಕ ಸುರಕ್ಷತೆಯ ಹಿತದೃಷ್ಟಿಯಿಂದ’ ಹೊರಗೆ. ಪರಿವರ್ತನೆ ಜಗದ ನಿಯಮ ಅಂತಾರೆ ಹಿರಿಯರು. ನಿಮ್ಮ ನಿಯಮದಲ್ಲಿ ಪರಿವರ್ತನೆಗೇ ಜಾಗ ಇಲ್ಲ. ಹಾಗೆ ನೋಡಿದ್ರೆ ನನ್ನ ಮೇಲಿನ ಸಾಲಿನ ಹಲ್ಲು ಪರಿವರ್ತಿತ. ನನ್ನ ಹೆಂಡತಿಯ ಎದೆಯೊಳಗೆ ಒಂದು ಸ್ಟೆಂಟ್ ಇದೆ, ಅವಳು ಹುಟ್ಟಿದಾಗ ಅದು ಇರಲಿಲ್ಲ. ನಮ್ಮಿಬ್ಬರನ್ನೂ ಯಾವ ದಾರಿಯಲ್ಲಿ ಬಿಡ್ತೀರಿ?

ನಮ್ಮ ಬೀದಿಯವರು ನಮಗೆ ಇಟ್ಟ ಹೆಸರು ಮುಂದಿನ ಚಕ್ರ, ಹಿಂದಿನ ಚಕ್ರ. ಮುಂದಿನದು ಅವಳು. ಮದುವೆಯಾದಾಗಿನಿಂದ ಸೈಕಲ್ ಮೇಲೆ ಅವಳದೇ ಮುಂದಾಳತ್ವ. ಅವಳು ತನ್ನ ಸೈಕಲ್ಲಲ್ಲಿ ಮುಂದೆ ಗಾಳಿ ಸೀಳ್ತಾಳೆ, ನಾನು ನನ್ನದರಲ್ಲಿ ಹಿಂದೆ ಗಾಳಿಮಾತು ಹೊಡೀತೀನಿ. ಬೆಳಗ್ಗೆ ಹೊಳೆದಂಡೆ ಹಿಡಿದು ಹೋಗೋದು, ನೀರಿನ ಟ್ಯಾಂಕಿನ ಏರು ಹತ್ತೋದು, ಮೇಲೆ ಕೂತು ಜಗಳ ಆಡೋದು, ಇಳಿಯೋದು. ಇದು ನಮ್ಮ ಸಂಸಾರ. ಸ್ಟೆಂಟ್ ಹಾಕಿದ ಮೇಲೆ ಏರಿನಲ್ಲಿ ಅವಳಿಗೆ ಉಸಿರು ಕಟ್ಟೋಕೆ ಶುರುವಾಯ್ತು. ಡಾಕ್ಟರು, “ಸೈಕಲ್ ಬಿಡಬೇಡಿ, ಏದುಸಿರೂ ಬಿಡಬೇಡಿ” ಅಂದ್ರು. ಎರಡನ್ನೂ ಒಟ್ಟಿಗೆ ಮಾಡೋಕೆ ಮೋಟಾರೇ ಬೇಕು ತಾನೇ?

ನಾವೇನು ಸೀದಾ ಕಳ್ಳದಾರಿ ಹಿಡೀಲಿಲ್ಲ ಸ್ವಾಮಿ. ಮೊದಲು ಅಂಗಡಿಗೇ ಹೋದ್ವಿ. ಬಾಗಿದ ಹಿಡಿಕೆಯ ಎಲೆಕ್ಟ್ರಿಕ್ ರೋಡ್ ಬೈಕುಗಳು ಸಾಲಾಗಿ ನಿಂತಿದ್ವು. ನಿಜ ಹೇಳ್ತೀನಿ, ಚಂದ ಇದ್ವು. ಒಂದು ವೈರು ಹೊರಗೆ ಕಾಣಲ್ಲ. ಬ್ರೇಕು, ಮೋಟಾರು, ಬ್ಯಾಟರಿ ಎಲ್ಲ ಒಂದೇ ತಾಯಿಯ ಮಕ್ಕಳ ಹಾಗೆ ಹೊಂದಿಕೊಂಡಿವೆ. ಗ್ಯಾರಂಟಿ ಬೇರೆ. ನಾನಂತೂ ಕೊಂಡೇಬಿಡೋಣ ಅಂದೆ. ಆದರೆ ಅವಳು ನಾಲ್ಕಡಿ ಎಂಟಂಗುಲ. ಅಂಗಡಿಯ ಅತಿ ಚಿಕ್ಕ ಸೈಕಲ್ ಮೇಲೆ ಕೂರಿಸಿದ್ರೆ ಕಾಲು ಗಡಿಯಾರದ ಲೋಲಕದ ಹಾಗೆ ಆಡ್ತಿತ್ತು.

“ಆಂಟಿ, ಇದಕ್ಕಿಂತ ಚಿಕ್ಕದು ಕಂಪನಿಯೋರು ಮಾಡೋದೇ ಇಲ್ಲ. ಸ್ವಲ್ಪ ಎಟುಕಿಸಿಕೊಳ್ಳಿ, ರೂಢಿ ಆಗುತ್ತೆ,” ಅಂದ ಮಾರಾಟದವನು.

“ಅರವತ್ತೆಂಟು ವರ್ಷದಿಂದ ಬೆಳೀದೇ ಇದ್ದೋಳು ನಿನ್ನ ಕಂಪನಿಗೋಸ್ಕರ ಈಗ ಬೆಳೀಲೇನಪ್ಪಾ?”

ಇಳಿದು ಒಂದು ಸಲ ಅದನ್ನ ಎತ್ತಿ ನೋಡಿದಳು. ನಮ್ಮದು ಮೂರನೇ ಮಹಡಿ, ಲಿಫ್ಟ್ ಇಲ್ಲ. ನನ್ನ ಕಡೆ ತಿರುಗಿ, “ಏನ್ರೀ, ಇದನ್ನ ಹೊತ್ಕೊಂಡು ಮೆಟ್ಟಿಲು ಹತ್ತೋದಾದ್ರೆ ಮೋಟಾರನ್ನ ಮೆಟ್ಟಿಲಿಗೇ ಹಾಕಿಸಿ” ಅಂದಳು.

ಅವಳ ಹಳೇ ಸೈಕಲ್ಲು ಬೇರೆ ಥರ. ಚೌಕಟ್ಟಿನ ಕೊಳವೆಗಳನ್ನ ಅವಳ ತಮ್ಮ, ಅಂದ್ರೆ ನನ್ನ ಭಾಮೈದ, ಅಕ್ಕನ ಕಾಲು, ತೋಳು ಅಳೆದು ಕೊಯ್ದು ಬೆಸೆದದ್ದು. ದರ್ಜಿ ರವಿಕೆ ಹೊಲಿಯೋ ಹಾಗೆ. ಬೇರೆ ಯಾರು ಹತ್ತಿದ್ರೂ ಅದು ಅವರನ್ನ ಗೇಲಿ ಮಾಡುತ್ತೆ. ಮೋಟಾರು ಹಾಕು ಅಂತ ಕೇಳಿದ್ದಕ್ಕೆ ಅವನು ಮೊದಲು ಹಳೇ ಬ್ರೇಕ್ ಬಿಚ್ಚಿ ನನ್ನ ಕೈಗೆ ಕೊಟ್ಟ.

“ಬಾವ, ಇದು ಅಕ್ಕನ ತೂಕಕ್ಕೆ ಸಾಕಿತ್ತು. ಅಕ್ಕ, ಮೋಟಾರು ಇಬ್ಬರಿಗೂ ಸೇರಿ ಸಾಲಲ್ಲ. ಮೊದಲು ನಿಲ್ಲೋದು, ಆಮೇಲೆ ಓಡೋದು.”

“ಬೇಗ ಮುಗಿಸೋ ಮಾರಾಯ.”

“ನಿನಗೆ ಹೆಂಡತಿ ಬೇಗ ವಾಪಸ್ ಬರಬೇಕಾ, ಪೂರ್ತಿ ವಾಪಸ್ ಬರಬೇಕಾ?”

ಹಿಂದಿನ ಚಕ್ರದ ನಡುವೆ ಪುಟ್ಟ ಮೋಟಾರು, ನೀರಿನ ಬಾಟಲಿ ಇಡೋ ಜಾಗದಲ್ಲಿ ಬಾಟಲಿ ಆಕಾರದ ಬ್ಯಾಟರಿ. ಕಂಪನಿಯದಕ್ಕೆ ಎಷ್ಟು ವೇಗದ ಮಿತಿಯೋ ಅಷ್ಟಕ್ಕೇ ಇದನ್ನೂ ಕಟ್ಟಿಹಾಕಿದ. ಕೊರತೆ ಇಲ್ಲ ಅನ್ನಲ್ಲ. ಒಂದೆರಡು ವೈರು ಕಾಣುತ್ತೆ, ಹಿಂಭಾಗ ಸ್ವಲ್ಪ ಭಾರ, ಕೆಟ್ಟರೆ ಗ್ಯಾರಂಟಿ ಅಂದ್ರೆ ಭಾಮೈದನ ಬೈಗುಳ. ಆದ್ರೂ ಮೊದಲ ದಿನ ಏರಿನ ಮೇಲೆ ಅವಳು ನಿಂತು, ಕೆಳಗಿನಿಂದ ತಳ್ಳಿಕೊಂಡು ಬರ್ತಿದ್ದ ನನ್ನ ನೋಡಿ, “ಹಿಂದಿನ ಚಕ್ರ ಪಂಕ್ಚರ್ರಾ?” ಅಂತ ಕೂಗಿದಳು. ಆಪರೇಷನ್ ಆದ ಮೇಲೆ ಅವಳು ನನ್ನನ್ನ ಆಡಿಕೊಂಡಿದ್ದು ಅದೇ ಮೊದಲು. ಆ ಮಾತಿಗೆ ಯಾವ ಕಂಪನಿ ಗ್ಯಾರಂಟಿ ಕೊಡುತ್ತೆ ಹೇಳಿ?

ಅಷ್ಟರಲ್ಲಿ ಹೊಳೆದಂಡೆಯಲ್ಲಿ ನೀವು ಕಂಪನಿಗಳ ಹೊಸ ಎಲೆಕ್ಟ್ರಿಕ್ ಸೈಕಲ್ಲುಗಳ ಪ್ರದರ್ಶನ ನಡೆಸಿದ್ರಿ. ನಾವೂ ಬಂದಿದ್ವಿ. ನೀವು ಒಂದನ್ನು ಹತ್ತಿ ಟ್ಯಾಂಕಿನ ಏರಿಗೆ ಹೋಗಿ ಬಂದಿರಿ. ಮಾರನೇ ದಿನ ಪೇಪರಿನಲ್ಲಿ ನಿಮ್ಮ ಫೋಟೊ ಬಂತು. ಮೊಣಕಾಲು ಕಿವಿಯ ಹತ್ತಿರ, ಮುಖದ ತುಂಬ ಶಾಲೆಗೆ ರಜೆ ಸಿಕ್ಕ ನಗು. ಇಳಿದವರೇ ಮೈಕ್ ಹಿಡಿದು, “ಕಾರ್ಖಾನೆ ಕೆಲಸ ಅಂದ್ರೆ ಇದು. ಮನೇಲಿ ಕೂಡಿಸಿದ್ದು ಹೀಗೆ ಓಡುತ್ತಾ?” ಅಂದ್ರಿ. ಚಪ್ಪಾಳೆ ಬಿತ್ತು. ಹಿಂದೆಯೇ ನಿಯಮ ಬಂತು.

ನಿಯಮ ಬಂದ ಮರುದಿನ ದಾರಿಯ ಬಾಯಲ್ಲಿ ಕಾವಲುಗಾರ ಅಡ್ಡ ನಿಂತ.

“ಅಮ್ಮಾ, ಇದು ಕಂಪನೀದಾ, ಮನೇದಾ?”

“ನಾನೂ ಮನೇಲೇ ಹುಟ್ಟಿದೋಳಪ್ಪಾ. ನನ್ನನ್ನೂ ಬಿಡಲ್ವಾ?”

“ನಿಮ್ಮನ್ನ ಬಿಡ್ತೀನಮ್ಮಾ, ಸೈಕಲ್ನ ಬಿಡಲ್ಲ. ಕಂಪನಿ ಫಲಕ ಇಲ್ಲ ನೋಡಿ. ನನ್ನ ಕೆಲಸ ಹೋಗುತ್ತೆ.”

ಅವನ ತಪ್ಪಿಲ್ಲ. ನಾವು ಲಾರಿ ಓಡೋ ದೊಡ್ಡ ರಸ್ತೆಗೆ ಇಳಿದ್ವಿ. ತಿರುವಿನಲ್ಲಿ ಒಂದು ಲಾರಿ ಪಕ್ಕದಲ್ಲೇ ಹೋಯ್ತು. ಮುಟ್ಟಲಿಲ್ಲ, ಅದರ ಗಾಳಿ ಮಾತ್ರ ಮುಟ್ಟಿತು. ಅವಳು ತೂರಾಡಿ ಅಂಚಿನ ಜಲ್ಲಿಗೆ ಹೋಗಿ ಹೇಗೋ ಕಾಲು ಊರಿದಳು. ಇದು ನಿಮ್ಮ ಸಾರ್ವಜನಿಕ ಸುರಕ್ಷತೆ. ಸಾರ್ವಜನಿಕರಲ್ಲಿ ಅವಳೊಬ್ಬಳನ್ನ ಎಣಿಸೋದು ಮರೆತಿರೇನೋ. ಮನೆವರೆಗೂ ತಳ್ಳಿಕೊಂಡೇ ಬಂದಳು. ಸೈಕಲ್ಲನ್ನ ನಡುಮನೆಯ ಗೋಡೆಯ ಕೊಕ್ಕೆಗೆ ನೇತುಹಾಕಿದಳು, ಹೆಲ್ಮೆಟನ್ನ ಅದರ ಪಕ್ಕ. ನನಗೆ ಒಂದು ಬೈಗುಳವನ್ನೂ ಬೈಲಿಲ್ಲ. ಆವತ್ತಿನಿಂದ ಬೈದೇ ಇಲ್ಲ. ಫ್ಯಾನ್ ಹಾಕಿದ್ರೆ ಹಿಡಿಕೆಗೆ ಕಟ್ಟಿದ ಕೆಂಪು ರಿಬ್ಬನ್ ಒಂದು ಅಲ್ಲಾಡುತ್ತೆ, ಮನೇಲಿ ಅಷ್ಟೇ ಸದ್ದು.

ಬ್ಯಾಟರಿ ಅಂದ್ರೆ ನಿಮಗೆ ಭಯ ಇದೆ. ಇರಬೇಕು. ಅಗ್ಗದ ಬ್ಯಾಟರಿ ಕಟ್ಟಿಕೊಂಡು ಮೋಟರ್‌ಬೈಕಿನ ವೇಗದಲ್ಲಿ ಹಾರೋರೂ ಇದ್ದಾರೆ, ಅವರನ್ನ ಹಿಡೀರಿ. ಆದರೆ ಸೈಕಲ್ಲನ್ನ ಹುಟ್ಟಿದ ಊರು ಕೇಳಿ ಓಡಿಸಬೇಡಿ, ನಡತೆ ನೋಡಿ ಓಡಿಸಿ. ವಾರಕ್ಕೊಂದು ದಿನ ಪರೀಕ್ಷೆ ಇಡಿ. ಬ್ರೇಕ್ ಒತ್ತಿ, ಬ್ಯಾಟರಿ ತೆಗೆಸಿ, ವೇಗ ಅಳೀರಿ. ಕೊಂಡದ್ದಿರಲಿ, ಕೂಡಿಸಿದ್ದಿರಲಿ, ಪಾಸಾದ್ರೆ ಫಲಕ ಕೊಡಿ, ಫೇಲಾದ್ರೆ ವಾಪಸ್ ಕಳಿಸಿ. ಮೊದಲ ಪರೀಕ್ಷೆ ನನ್ನ ಹೆಂಡತಿಯ ಸೈಕಲ್ಲಿಗೇ ಇಡಿ. ಪರೀಕ್ಷಕರು ನೀವೇ ಆಗಬೇಕು. ನಿಮಗದು ಹೊಸದೇನಲ್ಲ.

ಯಾಕಂದ್ರೆ, ಸ್ವಾಮಿ, ಪ್ರದರ್ಶನದ ದಿನ ಅವಳು ಪಕ್ಕದ ಡೇರೆಗೆ ಬಿ.ಪಿ. ನೋಡಿಸೋಕೆ ಹೋದಾಗ, ಆ ಸೈಕಲ್ಲನ್ನ ನಿಮ್ಮ ಕಂಪನಿ ಸೈಕಲ್ಲುಗಳ ಸಾಲಿನ ನಡುವೆ ಒರಗಿಸಿದವನು ನಾನು. ಯಾರಾದ್ರೂ ಗುರುತು ಹಿಡೀತಾರಾ ಅಂತ ನೋಡೋ ತೀಟೆ, ಅಷ್ಟೇ. ಕಾರ್ಯಕರ್ತರು ಬಂದು ಎಲ್ಲದರ ಜೊತೆ ಅದಕ್ಕೂ ಕೆಂಪು ರಿಬ್ಬನ್ ಕಟ್ಟಿದ್ರು. ನೀವು ಬಂದು ಒಂದೊಂದನ್ನೇ ಹತ್ತಿ ನೋಡಿ, ಹೆದರಿ, ಕೊನೆಗೆ ಎರಡೂ ಕಾಲು ನೆಲಕ್ಕೆ ಆರಾಮಾಗಿ ಸಿಗೋದನ್ನ ಆರಿಸಿಕೊಂಡ್ರಿ. ನಾನು ಬಾಯಿ ಮುಚ್ಚಿಕೊಂಡು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದೆ. ಅವಳು ವಾಪಸ್ ಬಂದು ರಿಬ್ಬನ್ ಏನು ಅಂದಾಗ, “ನಿನ್ನ ಸೈಕಲ್ಲಿಗೆ ಬಹುಮಾನ ಬಂತು” ಅಂದೆ. ಫೋಟೊ ಇನ್ನೊಂದು ಸಲ ನೋಡಿ. ಮೊಣಕಾಲು ಕಿವಿಗೆ ಯಾಕೆ ಬಂತು ಅಂತ ಈಗ ತಿಳಿಯುತ್ತೆ.

ಇಂತಿ, ಇದು ಅಚ್ಚಾದ ದಿನ ಹೆಂಡತಿಯಿಂದ ಬೈಗುಳ ಸಿಗಲಿ ಅಂತ ಬಾಗಿಲ ಬಳಿ ಕಾಯ್ತಿರೋ,
ಹಿಂದಿನ ಚಕ್ರ