ಮುರಿದ ಕುರ್ಚಿ, ನನ್ನ ಸೊನ್ನೆ

ಸರ್,

ಪತ್ರ ಬರೆಯುತ್ತಿರುವುದಕ್ಕೆ ಸಾರಿ. ನಿಮ್ಮೆದುರು ನಿಂತರೆ ನನ್ನ ಬಾಯಿ ಕಟ್ಟಿಹೋಗುತ್ತದೆ.

ಮನುಷ್ಯ ಸದಾ ಲಾಭವನ್ನೇ ಆರಿಸುತ್ತಾನೆ ಎನ್ನುವುದು ಸುಳ್ಳು, ತನ್ನದು ಅನ್ನಿಸಿದ್ದನ್ನು ಬಿಡಲು ಮನಸ್ಸು ಒಪ್ಪುವುದಿಲ್ಲ ಎಂದು ನಿಮ್ಮ ಎಕನಾಮಿಕ್ಸ್ ಟೆಸ್ಟಿನಲ್ಲಿ ಬರೆದೆ. ನೀವು ಸೊನ್ನೆ ಕೊಟ್ಟು, "ಏನಮ್ಮಾ ಹಾಸ್ಟೆಲ್ ಫಿಲಾಸಫರ್, ಎಕನಾಮಿಕ್ಸಿಗೂ ಮನಸ್ಸಿಗೂ ಏನು ಸಂಬಂಧ?" ಎಂದು ಕ್ಲಾಸನ್ನೆಲ್ಲ ನಗಿಸಿದಿರಿ.

ಆಗ ನೀವು ಕೂತಿದ್ದು ಕಾಲು ಮುರಿದು ಹಗ್ಗ ಕಟ್ಟಿದ ಕುರ್ಚಿಯಲ್ಲಿ. ಹೊಸ ಕುರ್ಚಿ ಪಕ್ಕದಲ್ಲೇ ಖಾಲಿ ಇತ್ತು. ಹಳೆಯದನ್ನು ಒಯ್ಯಲು ಬಂದ ಅಟೆಂಡರನ್ನು, "ಮುಟ್ಟಬೇಡಯ್ಯ, ಅದು ನನ್ ಕುರ್ಚಿ" ಎಂದು ಗದರಿದವರೂ ನೀವೇ. ಇದಕ್ಕಿಂತ ಒಳ್ಳೆ ಎಗ್ಸಾಂಪಲ್ ಬೇಕಾ ಸರ್?

ಫೇಲಾದರೆ ನನ್ನ ಹಾಸ್ಟೆಲ್ ಸೀಟು ಹೋಗುತ್ತದೆ. ಸೋಮವಾರ ಮಾರ್ಕ್ಸ್ ಲಿಸ್ಟನ್ನು ಆಫೀಸಿಗೆ ಕಳಿಸುವ ಮೊದಲು, ಅದೇ ಕುರ್ಚಿಯಲ್ಲಿ ಕೂತು ನನ್ನ ಪೇಪರನ್ನು ಇನ್ನೊಮ್ಮೆ ಓದಿ, ಬೇಗ ಉತ್ತರ ಕೊಡಿ.

ಇತಿ,
ಫಸ್ಟ್ ಇಯರಿನ ಫಿಲಾಸಫರ್